ಗಾಜಿನಲ್ಲಿ ಗೀರಿದ ಮಲ್ಲಿಗೆ

ಗಾಜಿನ ಲೋಟದಲ್ಲಿ ಚಹಾ ಕುಡಿಯುವವನು ಮೊದಲು ಕುಡಿಯುವುದು ಬಣ್ಣವನ್ನು, ಆಮೇಲೆ ಬಿಸಿಯನ್ನು, ಕಡೆಗೆ ಚಹಾವನ್ನು. ಹಿತ್ತಾಳೆಯ ಲೋಟಕ್ಕೆ ಈ ಸೌಜನ್ಯವಿಲ್ಲ. ಅದು ಒಳಗಿರುವುದನ್ನು ಮುಚ್ಚಿಟ್ಟು ನೇರವಾಗಿ ತುಟಿಯನ್ನೇ ಸುಡುತ್ತದೆ. ಗಾಜಿನ ಮೇಲೆ ನನಗಿದ್ದ ಈ ಪಕ್ಷಪಾತ ವ್ಯಸನವಾಗಿ ಬೆಳೆದದ್ದು, ಐವತ್ತರ ದಶಕ ಮುಗಿಯುತ್ತ ಬಂದಾಗ, ನಾನು ಮಡಂತ್ಯಾರಿನ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ ಕಾಲದಲ್ಲಿ.

ಬಂಟ್ವಾಳದಲ್ಲಿ ಒಮ್ಮೆ ಬಸ್ಸು ಕೆಟ್ಟು ನಿಂತಿತು. ರಿಪೇರಿ ಮುಗಿಯುವುದನ್ನು ಕಾಯುತ್ತ ಗ್ಯಾರೇಜಿನ ಬಾಗಿಲಲ್ಲಿ ಕುಳಿತಿದ್ದ ನನಗೆ, ಮೆಕ್ಯಾನಿಕ್ ಒಬ್ಬ ವಾಲ್ವು ಉಜ್ಜುವ ಬೂದು ಬಣ್ಣದ ಪೇಸ್ಟನ್ನು ಗಾಜಿನ ಚೂರಿನ ಮೇಲೆ ತಿಕ್ಕಿ ತೋರಿಸಿದ. ತಿಕ್ಕಿದಷ್ಟು ಜಾಗ ಮಂಜು ಕವಿದಂತೆ ಬೆಳ್ಳಗಾಯಿತು, ತೊಳೆದರೂ ಹೋಗಲಿಲ್ಲ. ಅಂಗೈಯಗಲದ ಡಬ್ಬಿಯಲ್ಲಿ ಅದನ್ನು ಬೇಡಿ ತಂದೆ. ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಲೋಟಕ್ಕೆ ಅಂಟಿಸಿ, ಬ್ಲೇಡಿನಿಂದ ಚಿತ್ರದ ಆಕಾರವನ್ನು ಕತ್ತರಿಸಿ ತೆಗೆದು, ತೆರೆದುಕೊಂಡ ಗಾಜಿಗೆ ಪೇಸ್ಟು ಬಳಿದು, ಬಾಟಲಿಯ ಬಿರಡೆಯಿಂದ ಅರ್ಧ ಗಂಟೆ ಉಜ್ಜಿದರೆ ಸಾಕು, ಹೂವೊಂದು ಶಾಶ್ವತವಾಗಿ ಅರಳುತ್ತಿತ್ತು. ಗೀರು ಗೀಳಾಗುವುದಕ್ಕೆ ಒಂದೇ ಅಕ್ಷರದ ಅಂತರ; ಅದನ್ನು ನಾನು ಒಂದೇ ವಾರದಲ್ಲಿ ದಾಟಿದೆ. ಉಪ್ಪಿನಕಾಯಿಯ ಭರಣಿ, ಕನ್ನಡಕದ ಹಳೆಯ ಮಸೂರ, ನೆರೆಮನೆಯವರ ಎಣ್ಣೆ ಬಾಟಲಿ, ಯಾವುದನ್ನೂ ಬಿಡಲಿಲ್ಲ. ಲಾಟೀನಿನ ಬುರುಡೆಯ ಮೇಲೆ ಬಿಡಿಸಿದ ನವಿಲಿನ ನೆರಳು ಗೋಡೆಯ ಮೇಲೆ ಕೋಳಿಯಾಗಿ ಬಿದ್ದಾಗಲೂ ನನ್ನ ಆತ್ಮವಿಶ್ವಾಸದ ಮೇಲೆ ಒಂದು ಗೀರೂ ಬೀಳಲಿಲ್ಲ.

ಆಗ ನಮ್ಮ ಶಾಲೆಗೆ ಗಣಿತ ಕಲಿಸಲು ಬಾಬು ಮಾಸ್ಟ್ರು ಬಂದರು. ಮಿಜಾರಿನವರು, ಊರು ಮುಟ್ಟದೆ ದೂರವಿಟ್ಟಿದ್ದ ಜಾತಿಯಲ್ಲಿ ಹುಟ್ಟಿ, ಚಿಮಿಣಿ ದೀಪಕ್ಕಿಂತ ಹೆಚ್ಚಾಗಿ ಸ್ವಂತ ಛಲದ ಬೆಳಕಿನಲ್ಲಿ ಓದಿದವರು. ಪ್ರತಿ ಶನಿವಾರ ಮಧ್ಯಾಹ್ನ ಉತ್ತರಪತ್ರಿಕೆಗಳ ಕಟ್ಟು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕುಳಿತು ಇಬ್ಬರೂ ತಿದ್ದುತ್ತಿದ್ದೆವು. ಲೆಕ್ಕದಲ್ಲಿ ನಾನು ಎಡವಿದಲ್ಲೆಲ್ಲ ಅವರು, ನನಗೆ ನೋವಾಗದ ಹಾಗೆ, ತಮ್ಮದೇ ತಪ್ಪೆಂಬಂತೆ ಸರಿಪಡಿಸುತ್ತಿದ್ದರು. ಜಗಲಿಯಿಂದ ಒಳಗೆ ಅವರು ಬರುತ್ತಿರಲಿಲ್ಲ, ನಾನು ಕರೆಯುತ್ತಲೂ ಇರಲಿಲ್ಲ.

ನಮ್ಮಲ್ಲಿ ಒಂದೇ ತರದ ಆರು ಗಾಜಿನ ಲೋಟಗಳಿದ್ದವು. ಅಮ್ಮನಿಗೆ ಒಂದು ಸಂಕಟ ಶುರುವಾಯಿತು: ಮಾಸ್ಟ್ರು ಕುಡಿದದ್ದು ಯಾವುದು ಎಂದು ತೊಳೆದ ಮೇಲೆ ತಿಳಿಯುತ್ತಿರಲಿಲ್ಲ.

"ನೀನು ಹೇಗೂ ಗೀಚುತ್ತಾ ಇರ್ತೀಯಲ್ಲ, ಅವರದ್ದಕ್ಕೆ ಒಂದು ಗುರುತು ಹಾಕಿ ಕೊಡು" ಅಂದಳು.

ಓದುಗರೇ, ಆ ಕ್ಷಣ ನನ್ನ ಮನಸ್ಸಿನಲ್ಲಿ ಒಂದು ಧರ್ಮಸಂಕಟವಾದರೂ ಹುಟ್ಟಿತ್ತೆಂದು ಬರೆಯಲು ಕೈ ತವಕಿಸುತ್ತದೆ. ಹುಟ್ಟಿರಲಿಲ್ಲ. ನಾನು ಯೋಚಿಸಿದ್ದು ಮಲ್ಲಿಗೆಯೋ ದಾಸವಾಳವೋ ಎಂದಷ್ಟೆ. ಎಲೆಯ ನರವೂ ಕಾಣುವಂತೆ ಎರಡು ದಿನ ಉಜ್ಜಿ, ಒಂದು ಮಲ್ಲಿಗೆ ಬಳ್ಳಿ ಬಿಡಿಸಿದೆ. ನನ್ನ ಕೈಯಿಂದ ಅದಕ್ಕಿಂತ ಚೆಂದದ್ದು ಮುಂದೆಂದೂ ಬರಲಿಲ್ಲ. ಕನ್ನಡದಲ್ಲಿ ಕಲೆ ಎಂದರೆ ಕೌಶಲವೂ ಹೌದು, ಕೊಳೆಯೂ ಹೌದು. ನಮ್ಮ ಹಿರಿಯರು ಈ ಶಬ್ದವನ್ನು ನನ್ನಂಥವನಿಗಾಗಿಯೇ ಕಾದಿರಿಸಿರಬೇಕು.

ಶನಿವಾರ ಬಾಬು ಮಾಸ್ಟ್ರು ಲೋಟವನ್ನು ಬೆಳಕಿಗೆ ಹಿಡಿದರು. ಚಹಾದ ಕೆಂಪಿನೊಳಗೆ ಬಿಳಿಯ ಮಲ್ಲಿಗೆ ತೇಲುವ ಹಾಗೆ ಕಂಡಿತು. ನನ್ನ ಕೈಯಲ್ಲಿದ್ದ ಬರಿಯ ಲೋಟವನ್ನು ಒಮ್ಮೆ ನೋಡಿ, "ಚಂದ ಉಂಟು. ಇದು ಯಾರಿಗೆ ಮಾಡಿದ್ದು?" ಅಂದರು.

"ನಿಮಗೆಂದೇ ಮಾಡಿದ್ದು" ಅಂದೆ. ಅಕ್ಷರಶಃ ಸತ್ಯವಾಗಿದ್ದೂ ಇಷ್ಟು ದೊಡ್ಡ ಸುಳ್ಳನ್ನು ನಾನು ಇನ್ನೊಮ್ಮೆ ಆಡಿಲ್ಲ. ಅವರು ತಲೆಯಾಡಿಸಿ ಕುಡಿದರು.

ಕೆಲವು ತಿಂಗಳ ನಂತರ ಅವರ ಮಗುವಿಗೆ ಹೆಸರಿಡುವ ದಿನ ಬಂತು. ಮೂಡಬಿದ್ರಿಯಲ್ಲಿ ಕೆಲಸವಿದೆಯೆಂದು ಅಮ್ಮನಿಗೆ ಹೇಳಿ ಮಿಜಾರಿಗೆ ಹೋದೆ. ಹೋದದ್ದೇ ದೊಡ್ಡ ಔದಾರ್ಯವೆಂದು ಬಸ್ಸಿನುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಮನೆ ತುಂಬ ಜನ. ಮಾಸ್ಟ್ರ ಹೆಂಡತಿ ನನ್ನನ್ನು ಒಳಗೆ ಕರೆದು, ಅವರ ನಡುವೆಯೇ ಚಾಪೆ ಹಾಸಿ ಕೂರಿಸಿದರು. ನೆಂಟರಿಗೆಲ್ಲ ನನ್ನನ್ನು ತೋರಿಸಿ, ಇವರೇ ಆ ಹೂವಿನ ಲೋಟದವರು ಎಂದು ತುಳುವಿನಲ್ಲಿ ಪರಿಚಯಿಸಿದರು. ಒಬ್ಬ ಮುದುಕಿ ನನ್ನ ಕೈಬೆರಳುಗಳನ್ನು ಹಿಡಿದು ನೋಡಿದಳು. ಆಮೇಲೆ ಚಹಾ ಕೊಡುತ್ತ ಮಾಸ್ಟ್ರ ಹೆಂಡತಿ ಸಂಕೋಚದಿಂದ ಹೇಳಿದರು:

"ನಿಮ್ಮಲ್ಲಿ ಇವರಿಗೆ ಬೇರೆಯೇ ಹೂವಿನ ಲೋಟ ಇಟ್ಟಿದ್ದೀರಂತೆ. ನಮ್ಮಲ್ಲಿ ಹಾಗೆಲ್ಲ ಇಲ್ಲ ಮಾಸ್ಟ್ರೇ, ಎಲ್ಲರಿಗೂ ಒಂದೇ ತರದ್ದು."

ನಾನು ಬಾಬು ಮಾಸ್ಟ್ರತ್ತ ನೋಡಿದೆ. ಅವರು ಬಾಗಿಲಿನ ಆಚೆ ಯಾರನ್ನೋ ಹುಡುಕುವವರಂತೆ ಮುಖ ತಿರುಗಿಸಿದರು.

ಮನೆಗೆ ಬಂದು ಆ ಮಲ್ಲಿಗೆಯನ್ನು ಅಳಿಸಲು ನೋಡಿದೆ. ನನ್ನ ವಿದ್ಯೆಯ ಹೆಗ್ಗಳಿಕೆಯೇ ಅಳಿಯದಿರುವುದು. ಬೇರೆ ದಾರಿ ಕಾಣದೆ, ಉಳಿದ ಐದು ಲೋಟಗಳಿಗೂ ಅದೇ ಬಳ್ಳಿಯನ್ನು ಬಿಡಿಸಿದೆ. ಅಂಗೈಯಲ್ಲಿ ಗುಳ್ಳೆಯೆದ್ದಿತು. ಜಾತಿಯನ್ನೇ ಗೆದ್ದೆನೆಂಬ ಭ್ರಮೆಯಲ್ಲಿ ಆರನ್ನೂ ಸಾಲಾಗಿ ಅಮ್ಮನ ಮುಂದಿಟ್ಟೆ. ಅವಳು ಬೈಯಲಿಲ್ಲ, ಅಳಲಿಲ್ಲ. ಆರೂ ಲೋಟಗಳನ್ನು ಎತ್ತಿ ಜಗಲಿಯ ಗೋಡೆಯ ಮಾಡಕ್ಕೆ ಸಾಗಿಸಿ, ಒಳಗಿನವರಿಗೆ ಅಟ್ಟದಿಂದ ಹಿತ್ತಾಳೆಯ ಲೋಟ ಇಳಿಸಿದಳು. ನನ್ನ ಕ್ರಾಂತಿ ಐದು ನಿಮಿಷದಲ್ಲಿ ಮುಗಿಯಿತು.

ಮುಂದಿನ ಶನಿವಾರ ಜಗಲಿಯಲ್ಲಿ ನಾನೂ ಹೂವಿನ ಲೋಟದಲ್ಲೇ ಕುಡಿದೆ. ಬಾಬು ಮಾಸ್ಟ್ರು ಎರಡೂ ಲೋಟಗಳನ್ನು ನೋಡಿದರು. ನಾನೇ ಬಾಯಿಬಿಟ್ಟು, ಮೊದಲಿನದ್ದು ಗೌರವಕ್ಕೆ ಮಾಡಿದ್ದಲ್ಲ, ಗುರುತಿಗೆ ಮಾಡಿದ್ದು ಎಂದು ತೊದಲಿದೆ.

ಅವರು ಕೆಂಪು ಪೆನ್ಸಿಲನ್ನು ಕೆಳಗಿಟ್ಟರು.

"ಅದು ನನಗೆ ಮೊದಲ ದಿವಸವೇ ಗೊತ್ತಿತ್ತು. ಹೂವು ಮಾತ್ರ ಚಂದ ಇತ್ತು, ಸುಳ್ಳಲ್ಲ." ಮತ್ತೆ ಹೇಳಿದರು: "ನನ್ನ ಹೆಂಡತಿಗೆ ಇದನ್ನು ಹೇಳುವುದು ಬೇಡ. ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ."

ಆಮೇಲೆ ನನ್ನ ಮುಂದಿದ್ದ ಉತ್ತರಪತ್ರಿಕೆಯನ್ನು ತಮ್ಮತ್ತ ಎಳೆದುಕೊಂಡು, ನಾನು ಸರಿಯೆಂದು ಗುರುತು ಹಾಕಿದ್ದ ಲೆಕ್ಕವೊಂದನ್ನು ಮೆಲ್ಲಗೆ ತಿದ್ದತೊಡಗಿದರು.