ಎರಡು ಡಿಸ್ಕಿನ ಪೆಟ್ಟಿಗೆ

ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನ ಎದುರು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಖುದ್ದೂಸ್ ಸಾಹೇಬರ ಆಸ್ತಿ ಅಂದರೆ ಮಷಿನ್ನೂ ಅಲ್ಲ, ಎರಡು ಕಂಪ್ಯೂಟರೂ ಅಲ್ಲ, ಹೆಸರುಗಳ ಪಟ್ಟಿ. ಪತ್ರಿಕೆಯ ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಅಂತ ಬರುತ್ತದಲ್ಲ, ಅದು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ಇರಲೇಬಾರದು ಎಂದು ಪ್ರತಿ ಮನೆಯವರೂ ವಾರಗಟ್ಟಲೆ ಕಿತ್ತಾಡಿ ಇತ್ಯರ್ಥ ಮಾಡಿಕೊಂಡಿರುತ್ತಾರೆ. ಮುಂದಿನ ಮದುವೆಗೆ ಬಂದಾಗ “ಹೋದ್ಸಲದ್ದೇ ಹಾಕ್ರಿ ಸಾಬ್ರೆ” ಅಂದರೆ ಮುಗಿಯಿತು. ಸಾಹೇಬರು ತೆಗೆದು ತೋರಿಸಿದ ಪಟ್ಟಿಗೆ ಎದುರು ಮಾತಾಡಿದವರಿಲ್ಲ. ಆ ನಂಬಿಕೆಯ ಬಗ್ಗೆ ಅವರಿಗೆ ಒಳಗೊಳಗೇ ಜಂಬವೂ ಇತ್ತು.

೨೦೦೮ರ ಬೇಸಿಗೆಯಲ್ಲಿ ಒಂದು ಕಂಪ್ಯೂಟರು ಕಣ್ಣು ಮುಚ್ಚಿತು. ಅದರ ಜೊತೆಗೆ ನಾಲ್ಕು ಮನೆಯ ಪಟ್ಟಿಗಳೂ ಹೋದವು. ಆ ನಾಲ್ಕು ಮನೆಯವರು ಹಳೆಯ ಜಗಳವನ್ನು ಇವರ ಅಂಗಡಿಯಲ್ಲೇ ನಿಂತು ಮೊದಲಿಂದ ಶುರು ಮಾಡಿದರು. ಸತ್ತದ್ದರ ಜಾಗಕ್ಕೆ ಹೊಸ ಕಂಪ್ಯೂಟರು ಬಂತು. ಎಲ್ಲವನ್ನೂ ಒಂದೇ ಕಡೆ ಇಟ್ಟು ಎರಡೂ ಕಂಪ್ಯೂಟರಿಗೆ ವೈರು ಎಳೆಯುವ ಪೆಟ್ಟಿಗೆಯೊಂದು ಬಂದಿದೆ ಎಂದು ಕೇಳಿ ಸಾಹೇಬರು ದುರ್ಗದ ಬಸ್ಸು ಹತ್ತಿದರು.

ಅಂಗಡಿಯವನು ಎರಡು ತೋರಿಸಿದ. ಒಂದರಲ್ಲಿ ಒಂದೇ ದೊಡ್ಡ ಡಿಸ್ಕು. ಇನ್ನೊಂದರಲ್ಲಿ ಎರಡು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ, ಒಂದು ಸತ್ತರೂ ಇನ್ನೊಂದು ಇರುತ್ತದೆ ಎಂದ. ದೊಡ್ಡ ಮಗಳಿಗೆ ಗಂಡು ನೋಡುವಾಗಲೂ ಸಾಹೇಬರು ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಕರೆಂಟು ಹೋದರೆ? ಧೂಳು ಹೊಕ್ಕರೆ? ಇರುವೆ ಗೂಡು ಕಟ್ಟಿದರೆ? ಎಲ್ಲಕ್ಕೂ ಉತ್ತರ ಸಿಕ್ಕಿತು. ‘ನಾನೇ ಅಳಿಸಿದರೆ?’ ಅನ್ನುವುದೊಂದನ್ನು ಕೇಳಲಿಲ್ಲ. ಅವರು ಎಂದಾದರೂ ತಪ್ಪು ಮಾಡುವವರೇ?

ಎರಡು ಡಿಸ್ಕಿನದೇ ಬಂತು. ಊರವರೆಲ್ಲ ನೋಡಿ ಹೋದರು. ಪಟ್ಟಿಗಳ ಪ್ರತಿ ಹಾಕಿಟ್ಟಿದ್ದ ಹಳೆಯ ಸೀಡಿಗಳು ಇನ್ನು ಬೇಡವೆಂದಾಗ, ಊರಿನ ರೈತ ಯರ್ರಪ್ಪ ಅವನ್ನು ಹಕ್ಕಿ ಓಡಿಸಲು ಸಜ್ಜೆ ಹೊಲದಲ್ಲಿ ತೂಗುಹಾಕಿಕೊಂಡ. ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದ ಕಿರಿ ಮಗಳು ಆಯೇಷಾ, “ಅಬ್ಬಾ, ಬೇರೆ ಸೀಡಿಗೆ ಒಂದೊಂದು ಪ್ರತಿ ಹಾಕಿಡಾಣ” ಅಂದಳು. “ಎರಡು ಐತಲ್ಲಮ್ಮ, ಮೂರನೇದು ಯಾಕೆ?” ಎಂದು ಸಾಹೇಬರು ಅವಳ ಬಾಯಿ ಮುಚ್ಚಿಸಿದರು.

ಮರುವರ್ಷ ದೇವಸಮುದ್ರದ ತೋಟಪ್ಪ ಮಗಳ ಮದುವೆಗೆ ಪತ್ರಿಕೆ ಮಾಡಿಸಲು ಬಂದ. ಸಾಹೇಬರು ಅವನ ಅಣ್ಣ ತಿಪ್ಪೇರುದ್ರಪ್ಪ ಹಿರಿ ಮಗನ ಮದುವೆಗೆ ಮಾಡಿಸಿದ್ದ ಪತ್ರಿಕೆಯನ್ನು ತೆರೆದರು. “ನಮ್ಮಕ್ಕ ಮಂಗಳಗೌರಿ ಹೆಸರು ತೆಗೀರಿ. ಹೊಲದ ವಿಚಾರಕ್ಕೆ ಮಾತು ಬಿಟ್ಟೀವಿ” ಅಂದ. ಹಳೆಯದನ್ನು ತೆರೆಯುವುದು, ತಿದ್ದುವುದು, ಅದರ ಮೇಲೇ ಸೇವ್ ಒತ್ತುವುದು ಸಾಹೇಬರಿಗೆ ಅಭ್ಯಾಸ. ಒತ್ತಿದರು. ಪೆಟ್ಟಿಗೆ ನಿಯತ್ತಿನಿಂದ ಎರಡೂ ಕಡೆ ತಿದ್ದಿಕೊಂಡಿತು.

ಆರು ತಿಂಗಳಿಗೆ ತಿಪ್ಪೇರುದ್ರಪ್ಪನೇ ಬಂದ. ಕಿರಿ ಮಗನ ಮದುವೆ. “ನನ್ನ ತಂಗಿ ಗೌರಿ ಹೆಸರು ಬ್ಯಾಡ ಅಂತ ತೋಟ ಹಠ ಹಿಡಿದಾನೆ, ಸಾಬ್ರೆ. ಅವ್ವ ಸಾಯೋಕೆ ಮುಂಚೆ ಇಲ್ಲೇ ಕುಂತು ಪಟ್ಟಿ ಮಾಡ್ಸಿದ್ಲು. ಗೌರಿ ಹೆಸರು ಹಾಕ್ಸಿದ್ಲು ಅಂತ ನನ್ನ ನೆನಪು. ಮನ್ಯಾಗೆ ಹಳೇ ಕಾರ್ಡು ಒಂದೂ ಉಳಿದಿಲ್ಲ. ತೆಗೀರಿ. ಅವ್ವ ಹಾಕ್ಸಿದ್ದೇ ಕೊನೇ ಮಾತು.”

ಸಾಹೇಬರು ತೆರೆದರು. ಗೌರಿ ಇರಲಿಲ್ಲ. ಆಯೇಷಾಳ ಕಂಪ್ಯೂಟರಿನಲ್ಲಿ ನೋಡಿದರು. ಅಲ್ಲೂ ಇರಲಿಲ್ಲ. ತಿಪ್ಪೇರುದ್ರಪ್ಪನ ಅವ್ವ, ಮುದುಕಿ ಉಚ್ಚಂಗೆಮ್ಮ ಇದೇ ಬೆಂಚಿನ ಮೇಲೆ ಕೂತು, “ಮಗಳ ಹೆಸರಿಲ್ಲದ ಕಾರ್ಡು ನನಗೆ ಬ್ಯಾಡ” ಅಂದದ್ದು ಸಾಹೇಬರ ಕಿವಿಯಲ್ಲಿ ಇನ್ನೂ ಇತ್ತು.

“ಎಲ್ಡರಾಗೂ ಇಲ್ಲ ಅಂದ್ರೆ ಅವ್ವ ಹಾಕ್ಸಿರಲಿಲ್ಲ ಅಂತಾತು. ನಂದೇ ಮರೆವು” ಎಂದು ತಿಪ್ಪೇರುದ್ರಪ್ಪ ನಿಟ್ಟುಸಿರು ಬಿಟ್ಟ.

ಈಗ ಸುಮ್ಮನಿದ್ದರೆ ಅಂಗಡಿಯ ಹೆಸರು ಉಳಿಯುತ್ತದೆ. ಸಾಹೇಬರು ಸುಮ್ಮನಿರಲಿಲ್ಲ. ಅದೊಂದು ಮಾತ್ರ ಅವರ ದೊಡ್ಡತನ.

“ಇತ್ತು, ರುದ್ರಣ್ಣ. ಅವ್ವ ಹಾಕ್ಸಿದ್ಲು, ನಾನೇ ಬರ್ಕೊಂಡಿದ್ದೆ. ತೋಟಪ್ಪ ಹೇಳ್ದ ಅಂತ ನಾನೇ ಅಳಿಸ್ದೆ. ಪೆಟ್ಟಿಗೆ ನಂಬಬ್ಯಾಡ್ರಿ, ನನ್ನ ಮಾತು ನಂಬ್ರಿ.”

ತಿಪ್ಪೇರುದ್ರಪ್ಪ ಅವರ ಮುಖವನ್ನೇ ನೋಡಿದ. ಸಿಟ್ಟು ಬರಲಿಲ್ಲ, ನಂಬಿಕೆಯೂ ಬರಲಿಲ್ಲ. ಅಯ್ಯೋ ಪಾಪ ಅನ್ನುವಂತೆ ಅವರ ಭುಜದ ಮೇಲೆ ಕೈ ಇಟ್ಟ.

“ಗೌರಿ ಬಂದು ನಿಮ್ಮತ್ರ ಅತ್ತಳಾ, ಸಾಬ್ರೆ?”