ಮಾವನವರು ಬಂದರೆ ಹೋಗುವ ಫ್ಯೂಸು

ಎಂಟನೆಯ ತರಗತಿಗೆ ವಿದ್ಯುತ್ತಿನ ಪಾಠ ಹೇಳುತ್ತಿದ್ದ ನಾನು ನನ್ನ ಮನೆಯ ಗೋಡೆಯ ಮೇಲಿನ ಪ್ಲಗ್ಗನ್ನು ಕಂಡರೆ ಹೆದರುತ್ತಿದ್ದೆ. ಇಷ್ಟು ವರ್ಷ ಇದನ್ನು ಗುಟ್ಟಾಗಿ ಇಟ್ಟಿದ್ದೆ. ನಿಮ್ಮ ಹತ್ತಿರ ಮುಚ್ಚುಮರೆಯೇನು. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ವಿದ್ಯುತ್ತು ಬಾಣದ ಗುರುತು ತೋರಿಸಿದ ಕಡೆಗೆ ವಿಧೇಯವಾಗಿ ಹರಿಯುತ್ತಿತ್ತು. ಮನೆಯದು ಹಾಗಲ್ಲ. ಅದಕ್ಕೆ ನಮ್ಮ ಮಾವನವರನ್ನು ಕಂಡರೆ ಆಗುತ್ತಿರಲಿಲ್ಲ.

ಯುದ್ಧದ ಕಾಲ. ಮದ್ದೂರಿನ ನಮ್ಮ ಮನೆಗೆ ಕರೆಂಟು ಬಂದು ಆರು ತಿಂಗಳಾಗಿತ್ತು. ವರ್ಗವಾಗಿ ದೂರ ಹೊರಟ ಗೆಳೆಯನೊಬ್ಬ ತನ್ನ ಹಳೆಯ ರೇಡಿಯೊವನ್ನು ನನಗೆ ಬಿಟ್ಟುಹೋಗಿದ್ದ. ನಡುಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ವಾರವೆಲ್ಲ ಹಾಡುತ್ತಿತ್ತು. ಸುದ್ದಿ ನಿಡಘಟ್ಟದಲ್ಲಿದ್ದ ಮಾವ ಬೋರೇಗೌಡರಿಗೆ ಮುಟ್ಟಿತು. ಒಂದು ಭಾನುವಾರ ಬೆಳಗ್ಗೆ ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತ ಹೊಗೆ ಉಗುಳುವ ಬಸ್ಸು ಹತ್ತಿ, ಹಣೆಯ ತುಂಬ ಮಸಿ ಬಳಿದುಕೊಂಡು ಬಂದಿಳಿದರು.

ಮಸಿ ತೊಳೆಯಬೇಕಲ್ಲ, ಮೊದಲು ಎಣ್ಣೆನೀರು. ನಮ್ಮ ಬಚ್ಚಲಿನ ತಾಮ್ರದ ಹಂಡೆ ಅವರೇ ಮದುವೆಯಲ್ಲಿ ಕೊಟ್ಟದ್ದು. ಬಂದಾಗಲೆಲ್ಲ ಅದನ್ನು ತಳ ಕಾಣುವವರೆಗೆ ಬರಿದು ಮಾಡುವುದು ತಮ್ಮ ಹಕ್ಕೆಂದು ಅವರು ತಿಳಿದಿದ್ದರು. ಮಿಂದು, ಕಂಬಳಿ ಹೊದ್ದು ರೇಡಿಯೊದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ನಾನು ಸ್ವಿಚ್ಚು ಒತ್ತಿದೆ. ಫಟ್! ಫ್ಯೂಸು ಹೋಯಿತು. ಹೊಸ ತಂತಿ ಕಟ್ಟಿದೆ. ಮತ್ತೆ ಫಟ್! ಅವರು ಒಂದು ಹಾಡನ್ನೂ ಕೇಳದೆ ಸಂಜೆಯ ಬಸ್ಸಿಗೆ ಹೊರಟುಹೋದರು. ಸೋಮವಾರ ಬೆಳಗ್ಗೆ ತಂತಿ ಕಟ್ಟಿ ಒತ್ತಿದರೆ ರೇಡಿಯೊ ಏನೂ ಅರಿಯದಂತೆ ವೀಣೆ ನುಡಿಸಿತು.

ಎರಡನೆಯ ಭಾನುವಾರವೂ ಇದೇ ಕಥೆ. ಮಾವನವರು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿ ನನ್ನ ಹೆಂಡತಿ ಜಯಮ್ಮನಿಗೆ ಹೇಳಿದರು: "ಪೆಟ್ಗೆ ಖಾಲಿ ಕಣವ್ವ. ನಿನ್ ಗಂಡ ಊರಿಗೆಲ್ಲ ಸುಳ್ಳೇಳ್ಕಂಡವ್ರೆ."

"ಇಲ್ಲ ಕಣಪ್ಪ, ನೆನ್ನೆಗಂಟ ಚೆನ್ನಾಗಾಡ್ತಿತ್ತು."

"ಅಂಗಾರೆ ನಾನ್ ಬರೋದು ಅದುಕ್ ಇಷ್ಟ ಇಲ್ಲ. ಇಲ್ದಿದ್ರೆ ಮೇಷ್ಟ್ರಿಗೆ ಇಷ್ಟ ಇಲ್ಲ."

ಅವರು ಹೋದ ಮೇಲೆ ಜಯಮ್ಮ ನನ್ನೊಡನೆ ಎರಡು ದಿನ ಮಾತು ಬಿಟ್ಟಳು. ಮಾವ ಬರುವ ಮುಂಚೆ ನಾನೇ ಕಳ್ಳತನದಿಂದ ಏನನ್ನೋ ಸಡಿಲ ಮಾಡುತ್ತೇನೆಂದು ಅವಳ ಗುಮಾನಿ. ಗಂಡಸಿಗೆ ರೇಡಿಯೊ ಇಲ್ಲದಿದ್ದರೂ ನಡೆಯುತ್ತದೆ. ಹುಳಿಯಲ್ಲಿ ಉಪ್ಪಿಲ್ಲದೆ ನಡೆಯುವುದಿಲ್ಲ.

ಆಗ ನಾನು ನನ್ನ ವಿದ್ಯೆಯ ಮೊರೆಹೊಕ್ಕೆ. ಉಣ್ಣೆಯಿಂದ ಉಜ್ಜಿದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ನಾನೇ ಪಾಠ ಹೇಳುತ್ತಿದ್ದೆನಲ್ಲ! ಗೌಡರ ಕಂಬಳಿ ಗೌಡರನ್ನೇ ಉಜ್ಜುತ್ತಿರಬೇಕು. ಅವರೊಳಗಿನ ವಿದ್ಯುತ್ತಿಗೂ ಗೋಡೆಯ ವಿದ್ಯುತ್ತಿಗೂ ಜಗಳವಾಗುತ್ತಿರಬೇಕು. ಮೂರನೆಯ ಭಾನುವಾರ ಅವರು ಮಿಂದು ಬಂದೊಡನೆ ಕಂಬಳಿ ತೆಗೆಯಿರಿ ಎಂದು ಕೈಮುಗಿದೆ. ತೆಗೆದರು. ಫಟ್! ಹಾಗಾದರೆ ಸೊಂಟದ ಬೆಳ್ಳಿಯ ಉಡಿದಾರವೇ ಇರಬೇಕು, ಬೆಳ್ಳಿಗಿಂತ ಒಳ್ಳೆಯ ವಾಹಕವಿಲ್ಲ. ಅದನ್ನೂ ಬಿಚ್ಚಿ ಎಂದೆ. ಒಳಗಿನಿಂದ ಜಯಮ್ಮ ಸೌಟು ಹಿಡಿದೇ ಬಂದಳು.

"ಇನ್ನೇನು, ನಮ್ಮಪ್ಪನ್ ಪಂಚೆನೂ ಬಿಚ್ಚುಸ್ತೀರಾ?"

ಮಾವನವರು ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದರು. "ಇನ್ನೊಂದ್ ವಾರ ನೋಡ್ತೀನಿ ಮೇಷ್ಟ್ರೇ. ಆಮೇಲೆ ನಿಮ್ ಮನೆ ವಸ್ತಿಲು ತುಳಿಯಕಿಲ್ಲ" ಎಂದರು. ಜಯಮ್ಮನ ಕಣ್ಣು ತುಂಬಿಬಂತು. ನನಗೂ ಗಾಬರಿಯಾಯಿತು.

ನಮ್ಮ ಸೀಮೆಗೆಲ್ಲ ಕರೆಂಟು ಕಳಿಸುವ ಬ್ಲಫಿನ ವಿದ್ಯುದಾಗಾರದಲ್ಲಿ ಕೆಲಸ ಮಾಡುತ್ತಿದ್ದ ಚೆಲುವಯ್ಯ ನನ್ನ ಸಹಪಾಠಿ. ಓದುವಾಗ ನನಗಿಂತ ದಡ್ಡ. ನಾಚಿಕೆ ನುಂಗಿಕೊಂಡು ಅವನಿಗೆ ಕಾಗದ ಬರೆದೆ. ಶನಿವಾರವೇ ಬಂದ. ರೇಡಿಯೊ ಹಾಕಿ ನೋಡಿದ, ಹಾಡಿತು. "ಗೌಡ್ರು ಬರ್ಲಿ ಬುಡ್ಲಾ, ನೋಡುವಾ" ಎಂದು ಊಟ ಮಾಡಿ ಮಲಗಿದ.

ಭಾನುವಾರ ಮಾವನವರು ಬಂದರು. ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ಹೋದರು. ಚೆಲುವಯ್ಯ ಮೇನ್ ಸ್ವಿಚ್ಚು ಆರಿಸಿ, ಪ್ಲಗ್ಗಿನ ಮುಂದೆ ಇಲಿಗಾಗಿ ಕಾಯುವ ಬೆಕ್ಕಿನಂತೆ ಕುಳಿತ. ಗೋಡೆಯ ಆಚೆಯಿಂದ ದಬದಬ ನೀರು ಬೀಳುವ ಸದ್ದು. ಮಾವನವರದು ತಲೆಯ ಮೇಲೆ ಹೊಯ್ದುಕೊಳ್ಳುವ ಸ್ನಾನವಲ್ಲ, ಹೆಗಲ ಮೇಲಿಂದ ಬೆನ್ನಿಗೆ ಬೀಸುವ ಸ್ನಾನ. ಮೂರು ಪಾಲು ಗೋಡೆಗೆ, ಒಂದು ಪಾಲು ಮೈಗೆ. ಸ್ವಲ್ಪ ಹೊತ್ತಿಗೆ ಪ್ಲಗ್ಗಿನ ಮರದ ಹಲಗೆಯ ಕೆಳಗೆ ಒಂದು ಹನಿ ಇಣುಕಿತು. ಚೆಲುವಯ್ಯ ತಿರುಪು ಬಿಚ್ಚಿದ. ಒಳಗೆಲ್ಲ ಒದ್ದೆ, ಕಂದು ಬಣ್ಣದ ನೊರೆ. ಮೂಸಿ ನೋಡಿದ.

"ಲೇ, ಸೀಗೇಕಾಯಿ ಕಣ್ಲಾ!"

ಹಲಗೆ ಹೊಡೆದವನು ಬಡಿದ ಉದ್ದನೆಯ ಮೊಳೆ ಮಣ್ಣಿನ ಗೋಡೆಯನ್ನು ಆಚೆಗೂ ತೂತು ಮಾಡಿತ್ತು. ನೀರು ವಿದ್ಯುದ್ವಾಹಕವೆಂದು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆಯುವ ನಾನು ಮಾವನವರ ಸೊಂಟವನ್ನು ಶೋಧಿಸಿದ್ದೆ. ಗೋಡೆಯ ಆಚೆ ಇಣುಕಿರಲಿಲ್ಲ.

ಇದನ್ನು ಹಿರಿಯರಿಗೆ ನಯವಾಗಿ ಹೇಳುವುದು ಹೇಗೆಂದು ನಾನು ಯೋಚಿಸುತ್ತಿದ್ದಂತೆಯೇ ಚೆಲುವಯ್ಯ ಕೂಗಿದ: "ಗೌಡ್ರೇ, ನೀರು ಉಯ್ಕಳದು ನಿಲ್ಸಿ! ಪ್ಲಗ್ಗೊಳಕ್ಕೆ ಬತ್ತಾದೆ!"

ಮಾವನವರು ತಲೆಯ ತುಂಬ ಸೀಗೆ ಮೆತ್ತಿಕೊಂಡು, ಒಂದೇ ಕಣ್ಣು ತೆರೆದು ಈಚೆ ಬಂದರು. ನಾನು ಕಂಬದ ಹಿಂದೆ ಸರಿದೆ. ಚೆಲುವಯ್ಯ ತೂತು ತೋರಿಸಿ ಎಲ್ಲ ವಿವರಿಸಿದ. ಅವರು ಒಮ್ಮೆ ತೂತನ್ನೂ ಒಮ್ಮೆ ಕೈಯಲ್ಲಿದ್ದ ತಂಬಿಗೆಯನ್ನೂ ನೋಡಿದರು.

"ಅಂದ್ರೆ, ನಿಮ್ ಬ್ಲಫಿಂದ ಅಷ್ಟ್ ದೂರ ಬರೋ ಕರೆಂಟ ನಾನು ಒಂದ್ ತಂಬ್ಗೆ ನೀರಲ್ಲಿ ನಿಲ್ಲುಸ್ಬುಟ್ನಾ?"

"ಊಂ ಗೌಡ್ರೇ."

"ಮೂರು ಕಿತ?"

"ಮೂರು ಕಿತ."

ಸೀಗೆಯ ನಡುವೆ ಅವರ ಮೀಸೆ ಅರಳಿತು. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ದಿನದ ಹುಳಿಗೆ ಉಪ್ಪು ಬಿದ್ದಿತ್ತು.

ಚೆಲುವಯ್ಯ ಪ್ಲಗ್ಗನ್ನು ಎದುರು ಗೋಡೆಗೆ ಸಾಗಿಸಿ ಊರಿಗೆ ಹೋದ. ಮುಂದಿನ ಭಾನುವಾರ ಮಾವನವರು ನಿಡಘಟ್ಟದಿಂದ ನಾಲ್ಕು ಮಂದಿ ನೆಂಟರನ್ನು ಕರೆತಂದರು. ಸ್ವಿಚ್ಚು ಒತ್ತಿದೆ. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡು ಸೊಗಸಾಗಿ ಹಾಡತೊಡಗಿತು. ಮಾವನವರು ಎರಡು ನಿಮಿಷ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ವಸಿ ಆರುಸ್ಬುಡಿ ಮೇಷ್ಟ್ರೇ. ನಾನು ಕರೆಂಟ್ ನಿಲ್ಸಿದ್ದ ಇವ್ರಿಗೆ ಏಳ್ಬೇಕು" ಎಂದರು.

ಆರಿಸಿದೆ. ನಾನು ವರ್ಷಗಟ್ಟಲೆ ಹೇಳಿದ ಪಾಠವನ್ನು ಯಾರೂ ಅಷ್ಟು ಕಿವಿಗೊಟ್ಟು ಕೇಳಿರಲಿಲ್ಲ. ಅವರ ಕಥೆಯಲ್ಲಿ ತಂಬಿಗೆ ಇನ್ನೂ ತಂಬಿಗೆಯೇ ಆಗಿತ್ತು, ಹಂಡೆಯಾಗಿರಲಿಲ್ಲ, ನಿಜ. ಆದರೆ ಕತ್ತಲಾದದ್ದು ನಮ್ಮ ಮನೆಯಲ್ಲ, ಮದ್ದೂರು, ಮಂಡ್ಯ, ಮಳವಳ್ಳಿ ಮೂರೂ.