ಅಮೆರಿಕದ ಹುಡುಗ ಇಲ್ಲೇ ಇರ್ತೀನಿ ಅಂದಾಗ

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದು ಕಲಿಸಿದ ಮೇಲೆ ನನ್ನ ಬಾಯಿಗೆ ಸ್ವಲ್ಪ ಬಿಡುವು ಸಿಕ್ಕಿದೆ. ಮನೆಯವರ ಕಿವಿಗೂ.

ಅರವತ್ತರ ದಶಕದ ಕೊನೆಯ ಮಾತು. ನಾನು ಕೊಡಿಗೇನಹಳ್ಳಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದೆ. ನಮ್ಮ ಕಡಲೆಕಾಯಿ ತುಂಬುವ ಕೋಣೆಯಲ್ಲಿ ಅಮೆರಿಕದ ಹುಡುಗನೊಬ್ಬ ಬಾಡಿಗೆಗಿದ್ದ. ಫಾರಂ ಕೋಳಿ ಸಾಕುವುದನ್ನು ಊರಿಗೆ ಕಲಿಸಲು ಬಂದವನು. ಕೋಳಿಗಳು ಅವನ ಮಾತು ಕೇಳುತ್ತಿದ್ದವು, ಊರು ಕೇಳುತ್ತಿರಲಿಲ್ಲ. ಮದುವೆ ವಯಸ್ಸಿಗೆ ಬಂದ ಮಗಳಿರುವ ಮನೆ ಎಂದು ನಮ್ಮತ್ತೆ ಮೊದಲ ದಿನವೇ ನನ್ನ ನಾದಿನಿಯನ್ನು ತೋರಿಸಿ, "ಇವ್ಳು ನಿಂಗೆ ತಂಗಿ ಕಣಪ್ಪ. ಎಲ್ಲಿ, ಅನ್ನು, ತಂಗಿ" ಎಂದು ಪಾಠ ಮಾಡಿದ್ದರು. ಅವನು ಕಲಿತ ಮೊದಲ ಕನ್ನಡವೇ ಅದು.

ಒಂದು ಸಂಜೆ ಅವನು ಅತ್ತೆ ಬಡಿಸಿದ ಮುದ್ದೆ ಮುಟ್ಟದೆ ಕೂತ.

"ಅವ್ವಾ, ನಾನು ನಮ್ಮೂರಿಗೆ ಹೋಗಲ್ಲ. ಇಲ್ಲೇ ಇರ್ತೀನಿ."

"ಯಾಕ್ಲಾ? ಅಲ್ಲಿ ಹೊಟ್ಟೆಗಿಲ್ವಾ?"

"ಐತೆ."

"ಹೊಲ ಗಿಲ ಕಿತ್ಕಂಡ್ರಾ?"

"ಇಲ್ಲ ಅವ್ವಾ. ಯುದ್ಧಕ್ಕೆ ಕರೀತಾವ್ರೆ. ಹೋದ್ರೆ ಜನಾನ ಕೊಲ್ಬೇಕು. ಒಲ್ಲೆ ಅಂದ್ರೆ ಜೈಲು."

ಮರುದಿನ ಅತ್ತೆ ಅವನನ್ನೂ ನನ್ನನ್ನೂ ಕರೆದುಕೊಂಡು ಮಧುಗಿರಿಯ ಬಸ್ ಹತ್ತಿದರು. ನಾನು ಓದಿದವಳು, ಜೊತೆಗಿರಲಿ ಎಂದು. ನನಗೋ ಮಧುಗಿರಿ ಪೇಟೆಯ ಬಳೆ ಬೇಕಿತ್ತು.

ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ಎಲ್ಲ ಕೇಳಿ ನಕ್ಕುಬಿಟ್ಟರು. "ಅಲ್ಲಮ್ಮಾ, ಇವನ ದೇಶದ ಗೋಧಿ ತರಿಸಿ ನಾವು ಸೊಸೈಟಿಯಲ್ಲಿ ಹಂಚ್ತಾ ಇದ್ದೀವಿ. ಇವನಿಗೆ ನಾವು ಆಶ್ರಯ ಕೊಟ್ರೆ, ಆ ದೇಶ ಇವನಿಗೆ ಅನ್ಯಾಯ ಮಾಡ್ತಿದೆ ಅಂತ ಹೇಳಿದ ಹಾಗಾಗುತ್ತೆ. ದಿಲ್ಲಿಯೋರು ಒಪ್ತಾರಾ?"

"ದೇಶ ಸಾವ್ಕಾರಂದಾದ್ರೆ ಈ ಹುಡುಗನ ಎದೆಗೆ ಗುಂಡು ತಾಕಾಕಿಲ್ವಾ ಸ್ವಾಮಿ?" ಎಂದರು ಅತ್ತೆ.

ಅಮಲ್ದಾರರ ನಗು ನಿಂತಿತು. "ತಾಕುತ್ತಮ್ಮಾ. ಆದ್ರೆ ನನ್ನ ಕೈಲಿ ಏನಿದೆ? ಯುಗಾದಿವರೆಗೆ ಇರೋಕೆ ಪರ್ಮಿಶನ್ ಇದೆ, ಆಮೇಲೆ ಹೋಗ್ಬೇಕು. ಇಲ್ಲಿ ನೆಂಟಸ್ತನ ಏನಾದ್ರೂ ಇದ್ದಿದ್ರೆ ಬೇರೆ ಮಾತು."

ನೆಂಟಸ್ತನ ಎಂದದ್ದೇ ತಡ, ಅತ್ತೆಯ ಮುಖ ಅರಳಿತು. ಬಳೆ ಅಂಗಡಿಯ ಮುಂದೆ ನಿಲ್ಲಲೂ ಬಿಡದೆ ನನ್ನನ್ನು ಎಳೆದುಕೊಂಡು ಬಂದರು. ಮನೆಗೆ ಬಂದವರೇ ಎಲ್ಲರನ್ನೂ ಕೂರಿಸಿ, "ಇವನ್ನ ಮನೆ ಅಳಿಯ ಮಾಡ್ಕಂಬುಡಾನ. ಮನೆ ಅಳಿಯನ್ನ ಯಾವ ಸರ್ಕಾರ ಓಡಿಸ್ತದೋ ನೋಡೇಬುಡ್ತೀನಿ" ಎಂದರು.

ನಾದಿನಿ ಮೊರ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. "ನೀನೇ ತಂಗಿ ಅನ್ನು ಅಂತ ಬಾಯಿಪಾಠ ಮಾಡಿಸ್ಬುಟ್ಟು, ಈಗ ಅವನ್ಗೇ ಕಟ್ತೀಯೇನವ್ವಾ? ಊರೋರು ಮಕಕ್ಕೆ ಉಗಿಯಾಕಿಲ್ವಾ?"

ಹುಡುಗನ ಕಿವಿ ಒಣಮೆಣಸಿನಕಾಯಿಯ ಹಾಗೆ ಕೆಂಪಾಯಿತು. "ಹೌದವ್ವಾ. ತಂಗಿ."

ಅತ್ತೆ ನನ್ನ ಕಡೆ ತಿರುಗಿದರು. ನಾನು, "ನಂಗಾಗ್ಲೇ ಮದ್ವೆ ಆಗೈತೆ ಕಣತ್ತೆ" ಎಂದೆ. ನಾದಿನಿ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು. ಅತ್ತೆ ಮಾತ್ರ ನಗಲಿಲ್ಲ, ಕಂಬಕ್ಕೆ ಒರಗಿ ಕೂತರು. ಮಗಳ ಮಾನಕ್ಕೆಂದು ತಾವೇ ಹಾಕಿದ ಬೇಲಿ ಈಗ ಆ ಹುಡುಗನ ಪ್ರಾಣಕ್ಕೆ ಅಡ್ಡ ಬಂದಿತ್ತು.

ಯುಗಾದಿಗೆ ಮುಂಚೆಯೇ ಅವನು ರೈಲು ಹಿಡಿಯಲು ಹಿಂದೂಪುರದ ಬಸ್ ಹತ್ತಿದ. ತನ್ನ ದೇಶದ ಪಕ್ಕದಲ್ಲೇ ಕೆನಡಾ ಎಂಬ ಇನ್ನೊಂದು ದೇಶವಿದೆ, ಅಲ್ಲಿ ಒಳಗೆ ಬಿಟ್ಟರೆ ಬದುಕಿದೆ ಎಂದಿದ್ದ. ಅಂದಿನಿಂದ ಪೋಸ್ಟಿನವನು ಬೀದಿಗೆ ಬಂದರೆ ಸಾಕು, ಅತ್ತೆ ಒಲೆಯ ಮುಂದಿಂದ ಎದ್ದು ಬರುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕೆನಡಾದಿಂದ ಅವನ ಕಾರ್ಡ್ ಬಂತು. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಗೀಚಿದ್ದ. ನಾನು ತಡವರಿಸಿಕೊಂಡು ಓದಿದೆ: "ಅವ್ವಾ, ಇಲ್ಲಿ ಆಶ್ರಯ ಕೊಡಿ ಅಂತ ನಾನು ಕೇಳಲಿಲ್ಲ. ಕೆಲಸ ಬರುತ್ತಾ ಅಂದರು. ಬರುತ್ತೆ ಅಂದೆ. ಇಟ್ಟುಕೊಂಡರು."

ಅತ್ತೆ ಇನ್ನೊಂದು ಸಲ ಓದಿಸಿಕೊಂಡರು. ಆಮೇಲೆ ಬಾಗಿಲಿಗೆ ಹೋಗಿ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ನಮ್ ಹುಡುಗ ಯುದ್ಧಕ್ಕೆ ಹೋಗ್ಲಿಲ್ಲ ಕಣ್ರಮ್ಮೋ!"